ಹಾಡು ಕೇಳ್ಲಿಕ್ಕೆ ಹೋದವರು ಎಲ್ಲೆ ಇಳಕೊಂಡ್ರು?

ಡಿಸೆಂಬರ್ ಹತ್ರ ಬಂತಂದ್ರ ನಮ್ಮ ಬಳಗದಾಗ ಒಂದು ಮಾತು ಹುಟ್ಟೇ ಹುಟ್ಟತದ. "ಈ ಸಲ ಪುಣೆಕ್ಕ ಸವಾಯಿ ಗಂಧರ್ವಕ್ಕ ಹೋಗೂಣೇನ್ರಿ?" ಅಂತ ಒಬ್ಬರು ತಗೀತಾರ. ಎಲ್ಲಾರೂ ಹೂಂ ಅಂತಾರ. ಆಮ್ಯಾಲೆ ಯಾರರೆ ಒಬ್ಬರು "ಖರೆ, ಆದ್ರ ಎಲ್ಲೆ ಇಳಕೊಳ್ಳೂದು?" ಅಂತಾರ. ಅಲ್ಲಿಗೆ ಮಾತು ನಿಂತ ಬಿಡತದ. ಮುಂದಿನ ವರ್ಷ ನೋಡೂಣು ಅಂತ ಚಾದ ಕಪ್ಪು ಎತ್ತಿ ಒಳಗ ಹೋಗ್ತೇವಿ.

ಹೋದ ತಿಂಗಳು ನಾಲ್ಕು ಮಂದಿ ಅಕ್ಕತಂಗೀರು ಇದನ್ನ ಕೇಳಿದ್ರು. ನೀವು ಹೋಗಿ ಬಂದವರು, ಲಾಜಿನ ವಿಷಯ ಬರೀರಿ ಅಂದ್ರು. ಬರೀಲಿಕ್ಕೆ ಕೂತಾಗ ನನಗ ಬ್ಯಾರೇನ ಹೊಳೀತು. ಸಂಗೀತದ ಇತಿಹಾಸದಾಗ ಯಾರ ಗುರು ಯಾರು, ಯಾವ ಘರಾಣೆ, ಯಾವ ರಾಗ ಅಂತೆಲ್ಲಾ ಬರದಿರತಾರ. ಆದ್ರ ಆ ಹಾಡೋರು ರಾತ್ರಿ ಎಲ್ಲೆ ಮಲಗಿದ್ರು, ಯಾರ ಕೈಯಾಗಿನ ಊಟ ಉಂಡ್ರು, ಕೇಳ್ಲಿಕ್ಕೆ ಹೋದವರು ಎಲ್ಲೆ ಗಂಟು ಇಟ್ರು ಅನ್ನೂದು ಕಡಿಮಿ. ನಾವು ಹೆಣಮಕ್ಕಳು ಮೊದಲು ಕೇಳೂದ ಅದನ್ನ. ಅದಕ್ಕ ಲಾಜಿನ ಮಾತು ಕಡೀಗಿಟ್ಟು, ಮೊದಲು ಆ ಕಥಿ ಹೇಳ್ತೇನಿ. ನಮ್ಮ ಧಾರವಾಡ, ಹುಬ್ಬಳ್ಳಿ, ಕುಂದಗೋಳದಿಂದ ಮಿರಜದ ಮ್ಯಾಲೆ ಹಾಸಿ ಪುಣೆಕ್ಕ ಹೋಗೂ ಹಾದಿಯ ಕಥಿ ಇದು.

ವಾಡೆದ ಕಾಲ

1956ರ ತನಕಾ ಧಾರವಾಡ ಜಿಲ್ಲಾ ಮುಂಬೈ ಪ್ರಾಂತದಾಗ ಇತ್ತು. ಕಾಲೇಜು, ಕೋರ್ಟು, ನೌಕರಿ, ನಾಟಕ, ಎಲ್ಲಾದಕ್ಕೂ ನಮ್ಮ ಮಂದಿ ಪುಣೆ-ಮುಂಬೈ ಕಡೆನ ಮಾರಿ ಮಾಡಿದ್ರು. 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆ ನಮ್ಮ ಕಡೆ ಬಂತು. ಅಲ್ಲೀ ತನಕಾ ಎತ್ತಿನ ಗಾಡ್ಯಾಗ ವಾರಗಟ್ಟಲೆ ಹೋಗೂ ಹಾದಿ ಒಂದು ದಿನಕ್ಕ ಬಂತು. ರೈಲಿನ ಜೋಡಿ ನಾಟಕ ಕಂಪನಿ ಬಂದ್ವು, ಖಾನ್‌ಸಾಹೇಬರೂ ಬಂದ್ರು.

ಆ ಖಾನ್‌ಸಾಹೇಬರೊಳಗ ನಾವು ನೆನಸಬೇಕಾದವರು ಅಬ್ದುಲ್ ಕರೀಮ್ ಖಾನ್. ಉತ್ತರ ಪ್ರದೇಶದ ಕೈರಾನಾ ಊರಿನವರು. ಅದಕ್ಕ ಆ ಗಾಯಕಿಗೆ ಕಿರಾಣಾ ಘರಾಣೆ ಅಂತ ಹೆಸರು. ಮಿರಜದಾಗ ಮನಿ ಮಾಡಿದ್ರು, ಮೈಸೂರು ಅರಮನಿಗೂ ಹಾಡ್ಲಿಕ್ಕೆ ಹೋಗ್ತಿದ್ರು. ಹೋಗ್ತಾ ಬರ್ತಾ ನಮ್ಮ ಕಡೆ ಇಳೀತಿದ್ರು. ಕುಂದಗೋಳದಾಗ ನಾಡಗೇರ ಅವರ ವಾಡೆ ಅವರ ಬಿಡಾರ. ಆಗ ಕುಂದಗೋಳದಂಥಾ ಊರಾಗ ಲಾಜು ಎಲ್ಲಿದು? ವಾಡೆದ ಧಣೀನ ಖೋಲಿ ಬಿಟ್ಟು ಕೊಡ್ತಿದ್ರು, ಊಟಾ ಹಾಕ್ತಿದ್ರು, ಊರಾನ ಮಂದೀನ್ನ ಕರದು ಹಾಡಿಸ್ತಿದ್ರು. ಇಳಕೊಳ್ಳೂ ಜಾಗಾನ ಹಾಡೂ ಜಾಗಾನೂ ಆಗಿತ್ತು.

ಇದರ ಲಾಭ ಏನಾತು ನೋಡ್ರಿ. ಖಾನ್‌ಸಾಹೇಬರು ತಿಂಗಳಗಟ್ಟಲೆ ಇದ್ರ ಊರಾಗಿನ ಹುಡುಗರಿಗೆ ಕಲೀಲಿಕ್ಕೆ ಸಿಗ್ತಿತ್ತು. 1886ರಾಗ ಹುಟ್ಟಿದ ರಾಮಚಂದ್ರ ಗಣೇಶ ಸೌಂಶಿ ಅನ್ನೂ ಕುಂದಗೋಳದ ಹುಡುಗ ಹಿಂಗ ಅವರ ಶಿಷ್ಯ ಆದಾ. ಆ ಹುಡುಗನ ಮುಂದ ಮರಾಠಿ ಸಂಗೀತ ನಾಟಕದಾಗ ಹೆಣ್ಣಿನ ಪಾರ್ಟು ಮಾಡಿ ಹೆಸರುವಾಸಿ ಆದ ಸವಾಯಿ ಗಂಧರ್ವರು. ಅಮರಾವತಿಯೊಳಗ ದಾದಾಸಾಹೇಬ ಖಾಪರ್ಡೆ ಆ ಬಿರುದು ಕೊಟ್ಟವರು. ಬಾಲಗಂಧರ್ವರು ಮೊದಲ ಪ್ರಸಿದ್ಧ ಆಗಿದ್ರಲ್ಲ, ಇವರು ಅವರಿಗಿಂತ ಕಾಲು ತೂಕ ಹೆಚ್ಚು ಅಂತ "ಸವಾಯಿ". ಸವಾ ಸೇರು ಅಂತೇವಲ್ಲ, ಹಂಗ. ಶಿಷ್ಯ ನಾಟಕ ಸೇರಿದ್ದು ಖಾನ್‌ಸಾಹೇಬರ ಮನಸ್ಸಿಗೆ ಬಂದಿರಲಿಲ್ಲ. ಆದ್ರ ಊರೂರು ತಿರುಗೂ ನಾಟಕ ಕಂಪನ್ಯಾಗ ಊಟ-ವಸತಿ ಎರಡೂ ನಿಶ್ಚಿತ ಇದ್ವು ಅನ್ನೂದನ್ನ ನಾವು ಮರೀಬಾರದು.

ವಾಡೆದ ಆತಿಥ್ಯ ಎಲ್ಲಾರೂ ಹೊಗಳ್ತಾರ. ನಾನೂ ಹೊಗಳ್ತೇನಿ. ಆದ್ರ ಅಂಥಾ ಮನಿಗಳೊಳಗ ರಾತ್ರಿ ಎರಡಕ್ಕ ಹಾಡಿಕಿ ಮುಗದ ಮ್ಯಾಲೆ ಇಪ್ಪತ್ತು ಮಂದಿಗೆ ಎಲಿ ಹಾಕಿದವರು ಯಾರು? ಒಲಿ ಮುಂದ ಕೂತವರ ಹೆಸರು ಸಂಗೀತದ ಪುಸ್ತಕದಾಗ ಬರೂದಿಲ್ಲ. ಅವರು ಹಾಡು ಕೇಳಿದ್ದು ಅಡಿಗಿಮನಿ ಬಾಗಲಾ ಸಂದಿನಿಂದ. ಮೈಫಿಲ್ ಪಡಸಾಲ್ಯಾಗ ಗಂಡಸರದು.

ಗುರುವಿನ ಮನಿ, ವಾರದ ಊಟ

ಕಲಿಯೂ ಹುಡುಗರಿಗೆ ಗುರುವಿನ ಮನೀನ ಮನಿ. 1922ರಾಗ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿಗೆ ಗದಗದ ಮನಿ ಬಿಟ್ಟು ಓಡಿ ಹೋದ್ರು. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮ್ರಿ ರೆಕಾರ್ಡು ಕೇಳಿ ತಲಿ ಕೆಟ್ಟಿತ್ತು, ಹಂಗ ಹಾಡೂದು ಕಲೀಬೇಕು ಅಂತ. ತಿಕೀಟಿಗೆ ರೊಕ್ಕ ಇಲ್ಲ. ರೈಲಿನ್ಯಾಗ ಹಾಡಿ, ಮಂದೀನ್ನ ಒಲಿಸಿ ಪ್ರಯಾಣ ಮಾಡಿದ್ರು. ಗ್ವಾಲಿಯರಿಗೆ ಹೋದ್ರು, ಜಲಂಧರಕ್ಕ ಹೋದ್ರು. ಜಲಂಧರದ ಸಂಗೀತ ಮೇಳಕ್ಕ ಬಂದ ಪುಣೆದ ವಿನಾಯಕರಾವ್ ಪಟವರ್ಧನರು, ನಿಮ್ಮ ಊರ ಕಡೇನ ಸವಾಯಿ ಗಂಧರ್ವರಿರಬೇಕಾದ್ರ ಇಷ್ಟು ದೂರ ಯಾಕ ಬಂದಿ ಅಂತ ಬುದ್ಧಿ ಹೇಳಿದ್ರು. ತಿರುಗಿ ಬಂದು 1936ರ ಸುಮಾರಿಗೆ ಕುಂದಗೋಳದಾಗ ಗುರುವಿನ ಮನಿ ಸೇರಿದ್ರು. ಕೊಡದಾಗ ನೀರು ಹೊತ್ತು ಹೊತ್ತು ಸೇವಾ ಮಾಡಿ ಕಲತ್ರು.

ಪುಣೆದಾಗ, ನಮ್ಮ ಧಾರವಾಡದಾಗ ಓದೂ ಬಡ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಏಳು ಮನಿ ಹಿಡದ್ರ ವಾರ ಕಳೀತು. ನಮ್ಮ ಹಳೇ ಮಂದಿ ಎಷ್ಟೋ ಜನ ಹಂಗ ಓದಿದವರು. ಸಂಗೀತಕ್ಕ ವಿಷ್ಣು ದಿಗಂಬರ ಪಲುಸ್ಕರರು ಬ್ಯಾರೆ ದಾರಿ ತಗದ್ರು. 1901ರಾಗ ಲಾಹೋರದಾಗ ಗಾಂಧರ್ವ ಮಹಾವಿದ್ಯಾಲಯ ಚಾಲೂ ಮಾಡಿದ್ರು, 1908ರಾಗ ಮುಂಬೈಕ್ಕೂ ತಂದ್ರು. ಶಿಷ್ಯರಿಗೆ ಅಲ್ಲೇ ಊಟಾ, ಅಲ್ಲೇ ವಸತಿ. ಅದರ ಸಾಲದಾಗ ಮುಂಬೈ ಕಟ್ಟಡಾನ ಹೋತು. ಹಾಡು ಕಲಸೂದಕ್ಕಿಂತ ಹುಡುಗರಿಗೆ ಅನ್ನಾ ಹಾಕೂದು ತುಟ್ಟಿ ಅನ್ನೂದು ಮನಿ ನಡಸೂ ನಮಗ ಯಾರೂ ಹೇಳಬೇಕಾಗಿಲ್ಲ. ಅವರ ಶಿಷ್ಯ ವಿನಾಯಕರಾವ್ ಪಟವರ್ಧನರು 1932ರಾಗ ಪುಣೆದಾಗ ಗಾಂಧರ್ವ ಮಹಾವಿದ್ಯಾಲಯ ತಗದ್ರು.

ಇದೆಲ್ಲಾ ಗಂಡು ಹುಡುಗರ ಮಾತು. ಹನ್ನೊಂದು ವರ್ಷದ ಹುಡುಗ ಸ್ಟೇಷನ್‌ದಾಗ ಮಲಗಿದ್ರ ಮುಂದ ಅದು ಅವನ ಹೆಚ್ಚುಗಾರಿಕಿ ಆಗತದ. ಹುಡುಗಿ ಮಲಗಿದ್ರ? ಅದಕ್ಕ ಗಂಗೂಬಾಯಿ ಹಾನಗಲ್ಲರ ಕಥಿ ಬ್ಯಾರೆ.

ಸಂಜೀ ಗಾಡಿ

ಗಂಗೂಬಾಯಿ 1913ರಾಗ ಧಾರವಾಡದಾಗ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡ್ತಿದ್ರು. ಮಗಳಿಗೆ ಹಿಂದೂಸ್ತಾನಿ ಒಲೀತು ಅಂತ ಆ ತಾಯಿ ಮಗಳ ಕಿವ್ಯಾಗ ಬ್ಯಾರೆ ಸಂಗೀತ ಬೀಳಬಾರದು ಅಂತ ತಮ್ಮ ಹಾಡೂದನ್ನ ಬಿಟ್ರು. ಮಗಳ ಸಂಗೀತಕ್ಕಂತ 1928ರಾಗ ಮನೀನ ಹುಬ್ಬಳ್ಳಿಗೆ ಎತ್ತಿದ್ರು. ಹುಡುಗರು ಗುರುವಿನ ಮನಿಗೆ ಹೋಗಿ ಇರತಾರ, ಹುಡುಗಿಗೆ ಸಂಸಾರಾನ ಎತ್ತಿಕೊಂಡು ಹೋಗಬೇಕಾತು. ಇದನ್ನ ಓದಿದಾಗೆಲ್ಲಾ ನಾನು ಒಂದು ಗಳಿಗಿ ಸುಮ್ಮನ ಕೂಡತೇನಿ.

ಸವಾಯಿ ಗಂಧರ್ವರು ನಾಟಕ ಬಿಟ್ಟು ಕುಂದಗೋಳದಾಗ ನಿಂತ ಮ್ಯಾಲೆ, 1930ರ ದಶಕದ ಕಡಿ ವರ್ಷಗಳೊಳಗ, ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿಗೆ ಹೋಗಿ ಕಲತ್ರು. ಸುಮಾರು ಇಪ್ಪತ್ತು ಕಿಲೋಮೀಟರು. ಹೋಗಿ ಪಾಠ ಮಾಡಿಸಿಕೊಂಡು ರಾತ್ರಿ ತಿರುಗಿ ಮನಿಗೆ. ಭೀಮಸೇನರು ಅದೇ ಗುರುವಿನ ಮನ್ಯಾಗ ಉಂಡು, ಮಲಗಿ, ಮುಂಜಾನೆ ಎದ್ದು ಗುರುವಿನ ಸ್ವರ ಕೇಳ್ತಿದ್ರು. ಗಂಗೂಬಾಯಿಗೆ ಗಾಡೀ ವೇಳ್ಯಾ ನೋಡಿ ಕಲಿಯೂ ಹಣೆಬರಹ. ಮನ್ಯಾಗ ಸಣ್ಣ ಮಕ್ಕಳು. ಓಣ್ಯಾಗ ಬಟ್ಟು ಮಾಡಿ ತೋರಿಸೂ ಮಂದಿ. ಒಂದ ಗುರುವಿನ ಇಬ್ಬರು ಶಿಷ್ಯರ ಹಾದಿ ಒಳಗ ಎಷ್ಟು ಫರಕು ಇತ್ತು ನೋಡ್ರಿ.

ಊಟದ ಮಾತು ಇನ್ನೂ ಸಂಕಟದ್ದು. 1924ರಾಗ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ, ಗಾಂಧೀಜಿ ಅಧ್ಯಕ್ಷರಾಗಿದ್ದಾಗ, ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತದ ಹಾಡು ಹಾಡಿದ ಹುಡುಗ್ಯಾರೊಳಗ ಒಬ್ಬಾಕಿ. ಹಾಡೂದರ ಹೆದರಿಕಿ ಆ ಹುಡುಗಿಗೆ ಇರಲಿಲ್ಲ. ಊಟಾ ಆದ ಮ್ಯಾಲೆ ನಮಗ ಎಂಜಲ ಎಲಿ ಎತ್ತು ಅಂತಾರೇನೋ ಅನ್ನೂ ಹೆದರಿಕಿ ಇತ್ತಂತ. ಮುಂದ ಅವರ ಇದನ್ನ ಹೇಳ್ಯಾರ. ಹಾಡ್ಲಿಕ್ಕೆ ಕರದ ಮನ್ಯಾಗನ ಊಟಕ್ಕ ಬ್ಯಾರೆ ಜಾಗಾ ತೋರಿಸೂದು ಆಗಿನ ರೂಢಿ. ಅವರ ಸ್ವರ ಪಡಸಾಲ್ಯಾಗ ಬೇಕು, ಅವರ ಎಲಿ ಪಂಕ್ತಿಯೊಳಗ ಬ್ಯಾಡ. ನಮ್ಮ ಮನಿಗಳೊಳಗೂ ಇಂಥಾದ್ದು ನಡದದ. ಹಾಡೋರಿಗೆ ಅಲ್ಲದಿದ್ರ ಬ್ಯಾರೆ ಯಾರಿಗರೆ. ಹಿರಿಯಾರನ್ನ ಬೈಲಿಕ್ಕಂತ ಈ ಮಾತು ಬರೀತಿಲ್ಲ. ಲಾಜು, ಹೋಟೆಲು, ತಿಕೀಟು ಅನ್ನೂವು ಬಂದಾಗ ಯಾರಿಗೆ ಏನು ಸಿಕ್ತು ಅನ್ನೂದು ತಿಳೀಬೇಕಂದ್ರ ಇದು ಗೊತ್ತಿರಬೇಕು.

ತಿಕೀಟು ಮತ್ತು ಖಾನಾವಳಿ

ತಿಕೀಟಿನ ಮಾತು ಬಂದ್ರ ಹಿರಾಬಾಯಿ ಬಡೋದೇಕರರ ಹೆಸರು ತಗೀಬೇಕು. ಅಬ್ದುಲ್ ಕರೀಮ್ ಖಾನ್ ಮತ್ತು ತಾರಾಬಾಯಿ ಮಾನೆಯವರ ಮಗಳು, 1905ರಾಗ ಮಿರಜದಾಗ ಹುಟ್ಟಿದವರು. 1920ರ ದಶಕದಾಗ ತಿಕೀಟು ಇಟ್ಟು ಥೇಟರಿನ ಸ್ಟೇಜಿನ ಮ್ಯಾಲೆ ಕೂತು ಹಾಡಿದ ಮೊದಲ ಹೆಣಮಕ್ಕಳೊಳಗ ಅವರೊಬ್ಬರು. ಇದೇನು ದೊಡ್ಡ ಮಾತು ಅಂತೀರಿ? ಅಲ್ಲೀ ತನಕಾ ಹೆಣಮಗಳು ಹಾಡಬೇಕಂದ್ರ ಯಾರದರೆ ಮನಿಗೆ, ಅವರು ಕರದಾಗ, ಅವರು ಕೊಟ್ಟಷ್ಟಕ್ಕ ಹಾಡಬೇಕಾಗಿತ್ತು. ಥೇಟರಿನ್ಯಾಗ ಹಾಡೋಳು ಯಾರ ಪಡಸಾಲಿಗೂ ಹೋಗಬೇಕಾಗಿಲ್ಲ. ಕೇಳೋರೂ ಯಾರ ಮರ್ಜಿಗೂ ಕಾಯಬೇಕಾಗಿಲ್ಲ. ತಿಕೀಟು ತಗೊಂಡ ಹೆಣಮಗಳೂ ಕುರ್ಚಿ ಮ್ಯಾಲೆ ಕೂತು ಎದುರಿಗೆ ಮಾರಿ ನೋಡಿ ಕೇಳಬಹುದು. ಬಾಗಲಾ ಸಂದಿಯಿಂದ ಕುರ್ಚಿಗೆ ಬಂದ್ವಲ್ಲ, ಅದು ತಿಕೀಟಿನಿಂದ.

ಇಳಕೊಳ್ಳೂ ಜಾಗಾನೂ ಹಂಗ ಹಗರಕ ಬದಲಾತು. ಮೊದಲು ಧರ್ಮಶಾಲಾ, ಛತ್ರ, ಮಠ. ಅಲ್ಲೆ ನಿಮ್ಮ ಜಾತಿ ಕೇಳಿ ಖೋಲಿ. ರೈಲ್ವೆ ಸ್ಟೇಷನ್‌ದಾಗ ಹಿಂದೂ ನೀರು ಬ್ಯಾರೆ, ಮುಸಲ್ಮಾನ್ ನೀರು ಬ್ಯಾರೆ ಇದ್ದ ಕಾಲ ಅದು. ಆಮ್ಯಾಲೆ ಪುಣೆದ ಪೇಟೆಗಳೊಳಗ ಖಾನಾವಳಿ ಹುಟ್ಟಿದ್ವು. ಎಷ್ಟೋ ಖಾನಾವಳಿ ನಡಸಿದವರು ಗಂಡನ್ನ ಕಳಕೊಂಡ ಹೆಣಮಕ್ಕಳು. ಕೈಯಾಗಿನ ಅಡಿಗೀನ ಅವರ ಬಂಡವಾಳ. ಊರು ಬಿಟ್ಟು ಬಂದ ಹುಡುಗರಿಗೆ, ನಾಟಕದವರಿಗೆ, ಹಾಡೋರಿಗೆ ಅನ್ನಾ ಹಾಕಿ ತಮ್ಮ ಮಕ್ಕಳನ್ನ ಓದಿಸಿದ್ರು. ಪಡಸಾಲಿ ಹಿಂದ ಬಿಟ್ಟಿ ನಡದಿದ್ದ ಅಡಿಗಿಗೆ ಇಲ್ಲೆ ರೊಕ್ಕ ಬಂತು.

ಲಕ್ಷ್ಮೀ ರಸ್ತೆದಾಗ ಪೂನಾ ಗೆಸ್ಟ್ ಹೌಸ್ ಅಂತ ಒಂದು ಅದ. ಮೂಕಿ ಚಿತ್ರ ತಗೀತಿದ್ದ ನಾನಾಸಾಹೇಬ ಸರಪೋತದಾರರು 1935ರಾಗ ಚಾಲೂ ಮಾಡಿದ್ದು. ನಾಟಕ-ಸಿನೆಮಾದ ಮಂದಿ ಬಂದು ಉಣ್ಣೂ, ಇಳಕೊಳ್ಳೂ ಜಾಗಾ ಅಂತ ಹೆಸರಾತು. ಕಲಾವಿದರಿಗೆ ಬಾಡಿಗಿ ಖೋಲಿ ಕೊಡ್ಲಿಕ್ಕೆ ಮಂದಿ ಹಿಂದಮುಂದ ನೋಡೂ ಕಾಲದಾಗ, ಕಲಾವಿದನ ಒಬ್ಬಾತ ಲಾಜು ತಗದದ್ದು ಸಣ್ಣ ಮಾತಲ್ಲ. ಫರ್ಗ್ಯುಸನ್ ಕಾಲೇಜ್ ರಸ್ತೆದಾಗ ಇಡ್ಲಿ-ದೋಸಿ ಹೋಟೆಲು ತಗದವರು ನಮ್ಮ ಕರಾವಳಿ ಕಡೆಯಿಂದ ಹೋದವರು. ವೈಶಾಲಿ, ರೂಪಾಲಿ ಅಂದ್ರ ಪುಣೆದ ಮಂದೀಗೆ ತಮ್ಮವ. ಹೋಟೆಲಿನ್ಯಾಗ ರೊಕ್ಕ ಕೊಟ್ಟವರಿಗೆಲ್ಲಾ ಒಂದ ಪ್ಲೇಟು. ಹೋಟೆಲ್ ಊಟಾ ಊಟಾನ ಅಲ್ಲ ಅಂತ ನಮ್ಮ ಅಜ್ಜಿ ಮೂಗು ಮುರೀತಿದ್ರು. ನಾನೂ ಮನಿ ಊಟದಾಕಿನ. ಆದ್ರ ಎಂಜಲ ಎಲಿ ಹೆದರಿಕಿ ಇಲ್ಲದ ಊಟಾ ಅಂತಂದ್ರ ಅದ ಮೊದಲು, ಅದನ್ನ ಒಪ್ಪಲೇಬೇಕು.

ಖೋಲಿ ಬ್ಯಾಡಾದ ರಾತ್ರಿಗಳು

ಸವಾಯಿ ಗಂಧರ್ವರು 1952ರ ಸೆಪ್ಟೆಂಬರಿನ್ಯಾಗ ಪುಣೆದಾಗ ತೀರಿಕೊಂಡ್ರು. ಮುಂದಿನ ವರ್ಷ, 1953ರಾಗ, ಗುರುವಿನ ನೆನಪಿಗೆ ಭೀಮಸೇನ ಜೋಶಿಯವರು ಪುಣೆದಾಗ ಉತ್ಸವ ಚಾಲೂ ಮಾಡಿದ್ರು. ಗಂಗೂಬಾಯಿ, ಫಿರೋಜ್ ದಸ್ತೂರ್, ಸವಾಯಿ ಗಂಧರ್ವರ ಅಳಿಯ ಡಾಕ್ಟರ್ ನಾನಾಸಾಹೇಬ ದೇಶಪಾಂಡೆ ಅವರ ಜೋಡಿ ನಿಂತ್ರು. ಆರ್ಯ ಸಂಗೀತ ಪ್ರಸಾರಕ ಮಂಡಳದ ಹೆಸರಿನ್ಯಾಗ ನಡೀತು. ಸಣ್ಣ ಜಾಗಾದಿಂದ ಬೆಳದು ಬೆಳದು ರಮಣಬಾಗ ಶಾಲಿ ಮೈದಾನಕ್ಕ ಬಂತು, ಅಲ್ಲೆ ಭಾಳ ವರ್ಷ ನಡೀತು. ಕನ್ನಡ ನಾಡಿನ ಒಬ್ಬ ಗುರುವಿನ ಹೆಸರಿಲೆ ಕನ್ನಡ ನಾಡಿನ ಶಿಷ್ಯರು ಮರಾಠಿ ಊರಾಗ ಕಟ್ಟಿದ ಹಬ್ಬ ಇದು. ಆದ್ರ ಅಲ್ಲಿ ಮಂದೀಗೆ ಆ ಫರಕ ಗೊತ್ತಿಲ್ಲ. "ಆಮ್ಚಾ ಸವಾಯಿ" ಅಂತಾರ. ನಮ್ಮದು ಅಂತ ನಾವೂ ಅಂತೇವಿ. ಇಬ್ಬರ ಮಾತೂ ಖರೇನ.

ಆಗ ಅದು ಅಹೋರಾತ್ರಿ ಇತ್ತು. ರಾತ್ರಿ ಚಾಲೂ ಆದ್ರ ಬೆಳಗಾಗೂ ತನಕಾ. ನನ್ನ ಮೌಶಿ ಒಬ್ಬಾಕಿ 1970ರ ದಶಕದಾಗ ತನ್ನ ಅತ್ತಿ ಜೋಡಿ ಎರಡು ಮೂರು ಸಲ ಹೋಗಿ ಬಂದಿದ್ಲು. ಹುಬ್ಬಳ್ಳಿಯಿಂದ ಸಣ್ಣ ಗಾಡ್ಯಾಗ ಮಿರಜ, ಮಿರಜದಾಗ ಇಳದು ಗಂಟು ಹೊತ್ತುಕೊಂಡು ಪುಣೆ ಗಾಡಿಗೆ ಓಡೂದು. ಕೈಚೀಲದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಧಪಾಟಿ, ಒಂದು ಜಮಖಾನಿ, ಎರಡು ಶಾಲು. ಲಾಜಿನ ಮಾತ ಇಲ್ಲ. ರಾತ್ರಿಯಿಡೀ ಮಾಂಡವದಾಗ ಜಮಖಾನಿ ಮ್ಯಾಲೆ ಕೂತು ಕೇಳೂದು, ನಿದ್ದಿ ಬಂದ್ರ ಅಲ್ಲೇ ಒಬ್ಬರ ತೊಡಿ ಮ್ಯಾಲೆ ಒಬ್ಬರು ತಲಿ ಇಡೂದು, ಛಲೋ ತಾನ ಬಂದ್ರ ಎದ್ದು ಕೂಡೂದು. ಬೆಳಿಗ್ಗೆ ಚಾ ಕುಡದು, ಬಳಗದವರ ಮನ್ಯಾಗ ಜಳಕಾ ಮಾಡಿ, ಮಧ್ಯಾಹ್ನ ಮಲಗಿ, ರಾತ್ರಿ ಮತ್ತ ಮಾಂಡವ. ಮುಗದ ದಿನ ನೆಟ್ಟಗ ಸ್ಟೇಷನ್ನು.

ನಾನು ಈಗ ಯೋಚನಾ ಮಾಡಿದ್ರ ಅನ್ನಸತದ: ಆ ಇಡೀ ರಾತ್ರಿ ಹಾಡಿಕೀನ ಬಡವರ ಲಾಜು ಆಗಿತ್ತು. ನಡುರಾತ್ರಿ ಯಾರೂ ಹೊರಗ ಹೋಗಬೇಕಾಗಿಲ್ಲ. ಸಾವಿರಾರು ಮಂದಿ ನಡುವ, ದೀಪದಾಗ, ಅತ್ತಿ-ಸೊಸಿ ಕೂತ್ರ ಯಾರ ಹೆದರಿಕಿ? ಹೆಣಮಕ್ಕಳಿಗೆ ಊರು ಬಿಟ್ಟು ಊರಿಗೆ ಹೋಗಿ ಹಾಡು ಕೇಳ್ಲಿಕ್ಕೆ ಇದಕ್ಕಿಂತ ಸುರಕ್ಷಿತ ಪದ್ಧತಿ ಇರಲಿಲ್ಲ. ಮೌಶಿ ಹೇಳ್ತಿದ್ಲು, ಕಡೀಕ ದಸ್ತೂರರು, ಗಂಗೂಬಾಯಿ, ಭೀಮಸೇನರು ಹಾಡಿದ ಮ್ಯಾಲೆ ಸವಾಯಿ ಗಂಧರ್ವರ ಭೈರವಿ ರೆಕಾರ್ಡು ಹಚ್ಚತಿದ್ರು, ಆಗ ಯಾರೂ ಜಮಖಾನಿ ಮಡಚತಿರಲಿಲ್ಲ ಅಂತ. ತೀರಿಕೊಂಡ ಗುರು ಬಂದು ಕಡೀ ಹಾಡು ಹಾಡಿ ಮನಿಗೆ ಕಳಸಿದಂಗ.

ಇನ್ನೊಂದು. ಇಡೀ ರಾತ್ರಿ ಇದ್ದಿದ್ದಕ್ಕ ರಾಗಗಳಿಗೂ ಅವರವರ ವೇಳ್ಯಾ ಸಿಗ್ತಿತ್ತು. ನಡುರಾತ್ರಿ ದರಬಾರಿ, ಮಾಲಕಂಸ. ಕತ್ತಲಿ ಕರಗೂ ಹೊತ್ತಿಗೆ ಲಲತ. ಬಿಸಲು ಬಿದ್ದ ಮ್ಯಾಲೆ ತೋಡಿ. ಹೊತ್ತಿಗೆ ಸರೀಗೆ ಕೇಳಿದ್ರ ರಾಗದ ರುಚೀನ ಬ್ಯಾರೆ. ಬಿಸಿ ರೊಟ್ಟಿ ಆಗಿಂದಾಗ ತಿಂದಂಗ.

ಹತ್ತು ಗಂಟೆ

2000ದಾಗ ಸದ್ದಿನ ಕಾಯ್ದೆ ಬಂತು. ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕಾ ಬಯಲಾಗ ಧ್ವನಿವರ್ಧಕ ಹಚ್ಚೂಹಂಗಿಲ್ಲ. ವರ್ಷದಾಗ ಕೆಲವ ದಿನ ಮಾತ್ರ ಸರಕಾರ ಹನ್ನೆರಡರ ತನಕಾ ಪರವಾನಗಿ ಕೊಡಬಹುದು. ಕಾಯ್ದೆ ತಪ್ಪು ಅಂತ ನಾನು ಅನ್ನೂದಿಲ್ಲ. ಮನ್ಯಾಗ ಬಾಣಂತಿ, ಕೂಸು, ಜಡ್ಡಾದ ಮುದುಕರು ಇದ್ದವರಿಗೆ ಧ್ವನಿವರ್ಧಕದ ಕಾಟ ಗೊತ್ತಿರತದ. ಆದ್ರ ಅದರ ಪೆಟ್ಟು ಅಹೋರಾತ್ರಿ ಸಂಗೀತಕ್ಕೂ ಬಿತ್ತು. ಸವಾಯಿ ಉತ್ಸವ ಮಧ್ಯಾಹ್ನ ಚಾಲೂ ಆಗಿ ರಾತ್ರಿ ಹತ್ತಕ್ಕ ಮುಗೀತದ. ದಿನಾ ಹೆಚ್ಚಾದ್ವು, ಈಗ ಐದು ದಿನ. ಮೈದಾನಾನೂ ಬದಲಾಗಿ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳಕ್ಕ ಹೋಗೇದ. 2011ರ ಜನವರಿಯೊಳಗ ಭೀಮಸೇನರು ಹೋದ ಮ್ಯಾಲೆ ಹೆಸರಿನ್ಯಾಗ ಅವರನ್ನೂ ಸೇರಿಸಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಅಂತ ಮಾಡ್ಯಾರ. ಗಂಗೂಬಾಯಿ ಅದಕ್ಕಿಂತ ಮೊದಲ, 2009ರ ಜುಲೈದಾಗ ಹೋಗಿದ್ರು.

ಹತ್ತಕ್ಕ ಮುಗೀತಂದ್ರ ಹೊರಗಿನೂರಿಂದ ಬಂದ ಹೆಣಮಗಳು ಎಲ್ಲೆ ಹೋಗಬೇಕು? ಮೌಶಿ ಕಾಲದಾಗ ಇಲ್ಲದ ಖರ್ಚು, ಇಲ್ಲದ ಹೆದರಿಕಿ ಇದು. ಈಗ ಐದು ರಾತ್ರಿಗೆ ಐದು ರಾತ್ರಿ ಖೋಲಿ ಬೇಕು. ಹಾಡು ಕೇಳೂ ತಿಕೀಟಿಗಿಂತ ಮಲಗೂ ಖೋಲೀಗೆ ಹೆಚ್ಚು ರೊಕ್ಕ. ಯಾರಿಗೆ ಬಳಗ ಇದೆ, ಯಾರ ಹಂತ್ಯಾಕ ರೊಕ್ಕ ಇದೆ ಅವರು ಹೋಗತಾರ. ಉಳದವರು ಮೊಬೈಲ್‌ದಾಗ ಕೇಳತಾರ.

ನಾನು ಹೋದದ್ದು ಈ ಹತ್ತು ಗಂಟೆ ಕಾಲದಾಗ, ನಮ್ಮ ವೈನಿ ಜೋಡಿ. ಫೋನಿನ್ಯಾಗ ಹೂಂ ಅಂದಿದ್ದ ಒಂದು ಲಾಜಿನವರು ಎದುರಿಗೆ ನಿಂತಾಗ "ಜೋಡಿ ಗಂಡಸರು ಯಾರಿಲ್ಲೇನು? ಹಂಗಾದ್ರ ಖೋಲಿ ಇಲ್ಲ" ಅಂದ್ರು. ನನಗ ಆಗಲೇ ನಲವತ್ತು ದಾಟಿತ್ತು, ವೈನಿಗೆ ಮೊಮ್ಮಕ್ಕಳು. ಇಬ್ಬರು ಗೃಹಸ್ಥ ಹೆಂಗಸರು, ಕೈಯಾಗ ಗುರುತಿನ ಚೀಟಿ, ರೊಕ್ಕ, ಕುತಿಗ್ಯಾಗ ತಾಳಿ. ಆದರೂ ಇಲ್ಲ. ವೈನಿ ಕಣ್ಣಾಗ ನೀರು ಬಂದ್ವು. ಅವತ್ತು ರಾತ್ರಿ ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನ್ಯಾಗ ಕಳದ್ವಿ. ಮರುದಿನ ಸ್ವಾರಗೇಟ್ ಕಡೆ ಒಂದು ಛಲೋ ಜಾಗಾ ಸಿಕ್ತು. ಅಲ್ಲಿ ಬಾಯಿ ನಮ್ಮ ಮಾರಿ ನೋಡಿ ಮೊದಲು ಚಾ ಕೊಟ್ಲು, ಆಮ್ಯಾಲೆ ರಜಿಸ್ಟರ್ ತಗದ್ಲು.

ಆ ವೇಟಿಂಗ್ ರೂಮಿನ್ಯಾಗ ನಿದ್ದಿ ಬರಲಿಲ್ಲ. ನನಗ ನಮ್ಮ ಅವ್ವನ ನೆನಪಾತು. ನಮ್ಮವ್ವಗ ಸಂಗೀತದ ಹುಚ್ಚು. 1950ರ ಜನವರಿಯೊಳಗ ಧಾರವಾಡ ಆಕಾಶವಾಣಿ ಚಾಲೂ ಆಗಿತ್ತು, ಆಕಿ ಮದಿವ್ಯಾಗಿ ಬಂದ ಮ್ಯಾಲೆ ಮನ್ಯಾಗ ರೇಡಿಯೋ ಬಂತು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿ, ಎಲ್ಲಾರನ್ನೂ ಒಲಿ ಮುಂದ ಕೂತು ಕೇಳಿದಾಕಿ. ಸ್ವರ ಕೇಳಿ ರಾಗದ ಹೆಸರು ಹೇಳ್ತಿದ್ಲು. ಪುಣೆಕ್ಕ ಒಂದ ಸಲ ಹೋಗಿ ಬರತೇನಿ ಅಂತ ಎಷ್ಟು ವರ್ಷ ಕೇಳಿದ್ಲು. ಯಾರೂ ಬ್ಯಾಡ ಅಂತ ಅನ್ನಲಿಲ್ಲ. "ಹೋಗವಾ, ಆದ್ರ ಎಲ್ಲೆ ಇಳಕೋತಿ?" ಅಂತ ಇಷ್ಟ ಕೇಳಿದ್ರು. ಆಕಿ ಹಂತ್ಯಾಕ ಉತ್ತರ ಇರಲಿಲ್ಲ. ಹೋಗಲಾರದ ಹೋದ್ಲು. ಬ್ಯಾಡ ಅಂದಿದ್ರ ಜಗಳರೆ ಮಾಡಬಹುದಾಗಿತ್ತು. ಪ್ರಶ್ನೆ ಜೋಡಿ ಹೆಂಗ ಜಗಳಾಡೂದು?

ಅದಕ್ಕ ಈ ಪ್ರಶ್ನೆಗೆ ಉತ್ತರ ಬರದಿಡೂದು ನನಗ ಮುಖ್ಯ ಅನ್ನಿಸ್ಯದ.

ಹೋಗೋರಿಗೆ ಒಂದೆರಡು ಮಾತು

ಕಾರ್ಯಕ್ರಮದ ದಿನಾಂಕ ಗೊತ್ತಾದ ಕೂಡಲೇ ಮೊದಲು ಖೋಲಿ ಹಿಡೀರಿ, ಆಮ್ಯಾಲೆ ರೈಲು. ಡಿಸೆಂಬರ್ ಅಂದ್ರ ಪುಣೆದಾಗ ಮದಿವಿ ಹಂಗಾಮನೂ ಹೌದು, ಕಡೀ ಗಳಿಗ್ಯಾಗ ಖೋಲಿ ಸಿಗೂದಿಲ್ಲ. ಮೈದಾನದ ಹತ್ರ ಹಿಡೀರಿ. ಮುಕುಂದನಗರಕ್ಕ ಸ್ವಾರಗೇಟ್ ಹತ್ರ. ರಾತ್ರಿ ಹತ್ತಕ್ಕ ಎಲ್ಲಾರೂ ಒಮ್ಮೆಲೆ ಹೊರಗ ಬೀಳತಾರ, ರಿಕ್ಷಾ ಸಿಗೂದು ಕಷ್ಟ. ದೂರದಾಗ ನೂರು ರೂಪಾಯಿ ಸೋವಿ ಅಂತ ಹಿಡದ್ರ ಅದು ರಿಕ್ಷಾಕ್ಕ ಹೋಗತದ.

ಫೋನ್ ಮಾಡಿದಾಗ ನಾಚಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ: ನಾವು ಇಬ್ಬರು ಹೆಣಮಕ್ಕಳ ಬರತೇವಿ, ಜೋಡಿ ಗಂಡಸರಿಲ್ಲ, ನಡೀತದೇನು? ರಾತ್ರಿ ಹನ್ನೊಂದಕ್ಕ ಗೇಟು ತಗೀತೀರೇನು? ಖೋಲಿ ಎಷ್ಟನೇ ಮಜಲಿ, ಲಿಫ್ಟು ಅದ ಏನು? ಸಂಡಾಸ ಭಾರತೀಯ ಪದ್ಧತಿದೋ ಕುರ್ಚೀದೋ? ಮೊಣಕಾಲು ನೋವಿನವರಿಗೆ ಇದು ಬೇಕಾಗತದ. ಬಿಸಿನೀರು ಎಷ್ಟು ಹೊತ್ತಿಗೆ? ಹೂಂ ಅಂದವರ ಹೆಸರು ಬರಕೊಳ್ರಿ. ರೊಕ್ಕ ಸ್ವಲ್ಪ ಮುಂಗಡ ಕಳಿಸಿ ರಸೀದಿ ತಗೊಳ್ರಿ. ಆಧಾರ್ ಕಾರ್ಡಿನ ಅಸಲಿ ಪ್ರತಿ ಜೋಡಿ ಇರಲಿ.

ಮೈದಾನದಾಗ ಕುರ್ಚೀನೂ ಅವ, ನೆಲದ ಬೈಠಕ್ಕೂ ಅದ. ಬೈಠಕ್ ಸೋವಿ, ಆದ್ರ ಬೆನ್ನಿಗೆ ಆಸರಿ ಇಲ್ಲ. ಒಂದು ತೆಳು ಜಮಖಾನಿ, ಗಾಳಿ ತುಂಬೂ ದಿಂಬು ಒಯ್ರಿ. ಸಂಜಿ ಆತಂದ್ರ ಥಂಡಿ ಬೀಳತದ, ಕಿವಿಗೆ ಸ್ಕಾರ್ಫು, ಮೈಗೆ ಶಾಲು ಬೇಕ ಬೇಕು. ತಿನ್ನೂ ಅಂಗಡಿ ಅಲ್ಲೇ ಇರತಾವ, ಆದರೂ ಧಪಾಟಿ ಒಯ್ದ್ರ ನಾಲ್ಕು ಮಂದಿ ಗೆಳತ್ಯಾರು ಆಗತಾರ. ನಾವು ಹಂಗ ಸಾಂಗಲಿಯ ಇಬ್ಬರು ಅಕ್ಕತಂಗೀರ ಪರಿಚಯ ಮಾಡಿಕೊಂಡು, ಮರು ವರ್ಷ ನಾಲ್ಕೂ ಮಂದಿ ಕೂಡಿ ದೊಡ್ಡ ಖೋಲಿ ಹಿಡದ್ವಿ. ಖರ್ಚು ಅರ್ಧಾ ಆತು, ಹೆದರಿಕಿ ಪೂರಾ ಹೋತು.

ಪುಣೆಕ್ಕ ಹೋಗೂದ ಆಗೂದಿಲ್ಲ ಅನ್ನೋರು ಮೊದಲು ಕುಂದಗೋಳಕ್ಕ ಹೋಗಿ ಬರ್ರಿ. ನಾಡಗೇರ ವಾಡೆದಾಗ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡಿಯೂ ಪದ್ಧತಿ ಅದ. ಖೋಲಿ ಬ್ಯಾಡ, ಲಾಜು ಬ್ಯಾಡ. ಹಳೇ ಕಂಬದ ಪಡಸಾಲ್ಯಾಗ, ಈಗ ಹೆಣಮಕ್ಕಳೂ ಎದುರಿಗೇ ಕೂಡತಾರ. ಗಂಗೂಬಾಯಿ ಪಾಠ ಮುಗಿಸಿ ಗಾಡಿಗೆ ಓಡಿದ ಊರಾಗ ನಾವು ಬೆಳಗಿನ ತನಕಾ ಸಮಾಧಾನದಿಂದ ಕೂತು ಕೇಳಬಹುದು.

ಇನ್ನ ನಿಮ್ಮ ಮನ್ಯಾಗ ಮಗಳೋ ಸೊಸೀನೋ ಅತ್ತೀನೋ "ನಾನು ಪುಣೆಕ್ಕ ಹೋಗಿ ಹಾಡು ಕೇಳಿ ಬರತೇನಿ" ಅಂದ್ರ, "ಎಲ್ಲೆ ಇಳಕೋತಿ?" ಅಂತ ಕೇಳಿ ಸುಮ್ಮನ ಕೂಡಬ್ಯಾಡ್ರಿ. ಕೇಳಿದವರ ಫೋನ್ ಹಚ್ಚಿ ಖೋಲಿ ಹಿಡೀರಿ. ಸ್ವಾರಗೇಟಿನ ಆ ಬಾಯಿಯ ನಂಬರು ನನ್ನ ಹಂತ್ಯಾಕ ಅದ, ಬೇಕಾದವರು ಮನಿಗೆ ಬಂದು ಇಸಕೊಂಡು ಹೋಗ್ರಿ. ಜಮಖಾನಿ ಬೇಕಾದ್ರೂ ಕೊಡ್ತೇನಿ, ಒಗದು ತಿರುಗಿ ಕೊಟ್ರ ಆತು.